ಗೋಡೆಬರಹದ ಕುಶಲಕರ್ಮಿಗಳು: ಒಂದು ಐತಿಹಾಸಿಕ ಅವಲೋಕನ

ಕರ್ನಾಟಕದ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ರೂವಾರಿ ಎಂಬ ಪದ ಚಿರಪರಿಚಿತವಾದುದು. ಶಾಸನಗಳ ಕೊನೆಯಲ್ಲಿ ಅನೇಕ ವೇಳೆ ಅಕ್ಷರಗಳನ್ನು ಕಂಡರಿಸಿದವನ ಹೆಸರು ನಮಗೆ ದೊರೆಯುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಉಳಿಸಿ ಹೋಗಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ನಗರಗಳ ಅತಿ ದೊಡ್ಡ ಅಕ್ಷರಗಳನ್ನು ಬರೆದವರು ಯಾರು? ಚಿತ್ರಮಂದಿರಗಳ ಮುಂದೆಯೂ ಅಂಗಡಿ ಕಟ್ಟಡಗಳ ಗೋಡೆಗಳ ಮೇಲೆಯೂ ಆಳೆತ್ತರವನ್ನು ಮೀರಿದ ಬರಹಗಳನ್ನು ರಚಿಸಿದವರಲ್ಲಿ ಬಹುಮಂದಿಯ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಇವರ ಕಸುಬನ್ನೂ ಕಷ್ಟಗಳನ್ನೂ ಸಂಕ್ಷೇಪವಾಗಿ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಕಸುಬಿನ ಒಂದು ಮೂಲವನ್ನು ನಾಟಕದ ಪರದೆಗಳಲ್ಲಿ ಗುರುತಿಸಬಹುದು. ಕೊಲ್ಹಾಪುರದ ಬಾಬುರಾವ್ ಪೇಂಟರ್ (1890–1954) ಮೊದಲು ನಾಟಕ ಕಂಪನಿಗಳ ಪರದೆಗಳನ್ನು ಚಿತ್ರಿಸುತ್ತಿದ್ದು, ಅನಂತರ ಚಲಚ್ಚಿತ್ರ ನಿರ್ಮಾಣಕ್ಕೆ ಇಳಿದು, ತಮ್ಮ ಚಿತ್ರಗಳ ಪ್ರಚಾರಕ್ಕೆ ತಾವೇ ಕುಂಚ ಹಿಡಿದರು. 1930ರ ದಶಕದಲ್ಲಿ ಮುಂಬಯಿಗೆ ಬಂದ ಎಂ. ಎಫ್. ಹುಸೇನರು ಚದರ ಅಡಿಗೆ ಕೆಲವೇ ಆಣೆಗಳ ಕೂಲಿಗೆ ಸಿನಿಮಾ ಫಲಕಗಳನ್ನು ಬರೆದು ಜೀವಿಸಿದರು. ಹುಸೇನರ ಹೆಸರು ಉಳಿಯಿತು. ಆದರೆ ಅದು ಉಳಿದದ್ದು ಅವರು ಫಲಕಗಳನ್ನು ಬಿಟ್ಟು ಬೇರೆ ಕ್ಷೇತ್ರಕ್ಕೆ ಹೋದುದರಿಂದ ಎಂಬುದನ್ನು ನಾವು ಮರೆಯಬಾರದು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಾಯಕನಟರ ಬೃಹದಾಕಾರದ ಚಿತ್ರಗಳನ್ನು ನಿಲ್ಲಿಸುತ್ತಿದ್ದ ಕಾಲದಲ್ಲಿ ಆ ಮಾರ್ಗವನ್ನೇ ಒಂದು ಚಿತ್ರಶಾಲೆ ಎನ್ನಬಹುದಾಗಿತ್ತು.

ಇನ್ನು ಕಸುಬಿನ ಕ್ರಮವನ್ನು ನೋಡೋಣ. ಗೋಡೆಯ ಬಳಿ ನಿಂತವನಿಗೆ ತಾನು ಬರೆಯುತ್ತಿರುವ ಅಕ್ಷರದ ಪೂರ್ಣರೂಪ ಕಾಣುವುದಿಲ್ಲ. ಈ ಕೆಲಸದ ಮೂಲಭೂತ ತೊಡಕೇ ಇದು. ಆದುದರಿಂದ ಚಿಕ್ಕ ನಕ್ಷೆಯ ಮೇಲೆ ಚೌಕಗಳನ್ನು ಎಳೆದು, ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಗೋಡೆಯ ಮೇಲೆ ರಚಿಸಿ, ಒಂದೊಂದು ಚೌಕವನ್ನಾಗಿ ತುಂಬಬೇಕಾಗುತ್ತದೆ. ಬಣ್ಣದ ಪುಡಿ ಸವರಿದ ದಾರವನ್ನು ಎರಡು ತುದಿಗಳಲ್ಲಿ ಬಿಗಿಹಿಡಿದು ಮೀಟಿದರೆ ನೇರವಾದ ಗೆರೆ ಮೂಡುತ್ತದೆ. ಕನ್ನಡ ಲಿಪಿಯನ್ನು ಬರೆಯುವವನಿಗೆ ಮತ್ತೊಂದು ಎಚ್ಚರ ಅಗತ್ಯ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಅಡಗುತ್ತವೆ. ಕನ್ನಡದಲ್ಲಿಯಾದರೋ ಮೇಲೆ ಗುಡಿಸಿಗೂ ಕೆಳಗೆ ಒತ್ತಕ್ಷರಕ್ಕೂ ಮೊದಲೇ ಸ್ಥಳ ಬಿಡಬೇಕು. ಈ ಲೆಕ್ಕ ತಪ್ಪಿದರೆ ಗೋಡೆಯೇ ಸಾಲದೆ ಹೋಗುತ್ತದೆ. ಅಲ್ಲದೆ, ದೂರದಿಂದ ನೋಡುವಾಗ ತೆಳುವಾದ ಗೆರೆಗಳು ಮಾಯವಾಗುವುದರಿಂದ ಅಕ್ಷರದ ದಪ್ಪವನ್ನು ದಾರಿಹೋಕನ ಕಣ್ಣಿನಿಂದ ನಿರ್ಧರಿಸಬೇಕೇ ಹೊರತು ಬರೆಯುವವನ ಕಣ್ಣಿನಿಂದಲ್ಲ. ಈ ವಿದ್ಯೆಯನ್ನು ಬಹುಪಾಲು ಕುಶಲಕರ್ಮಿಗಳು ಶಾಲೆಯಲ್ಲಿ ಕಲಿತವರಲ್ಲ. ಬಣ್ಣ ಕಲೆಸುತ್ತ, ಕುಂಚ ತೊಳೆಯುತ್ತ, ಗುರುವಿನ ಪಕ್ಕದಲ್ಲಿ ನಿಂತು ಕಲಿತವರು.

ಕಷ್ಟಗಳು ಇದಕ್ಕಿಂತಲೂ ಹೆಚ್ಚಿನವು. ಹಗ್ಗದಿಂದ ಬಿಗಿದ ಮರದ ಗಳುಗಳ ಮೇಲೆ ಒಂದು ಹಲಗೆ, ಕೈಯಲ್ಲಿ ಬಣ್ಣದ ಡಬ್ಬಿ, ಕೆಳಗೆ ರಸ್ತೆ. ಬಿಸಿಲಿಗೆ ಕಾದ ಗೋಡೆಯ ಮೇಲೆ ಬಣ್ಣ ಕುಂಚದಲ್ಲಿಯೇ ಬಿಗಿಯತೊಡಗುತ್ತದೆ. ಮಳೆಗಾಲದಲ್ಲಿ ಕೆಲಸವೇ ನಿಲ್ಲುತ್ತದೆ, ಅದರೊಡನೆ ಕೂಲಿಯೂ ನಿಲ್ಲುತ್ತದೆ. ಚಿತ್ರ ಶುಕ್ರವಾರ ಬಿಡುಗಡೆಯಾಗುವುದಾದರೆ ಗುರುವಾರದ ರಾತ್ರಿಯೊಳಗಾಗಿ ಫಲಕ ಸಿದ್ಧವಾಗಲೇಬೇಕು.

ಕಣ್ಣಿಗೆ ಕಾಣದ ಅಪಾಯ ಬಣ್ಣದಲ್ಲಿಯೇ ಇತ್ತು. ಬಿಳುಪು, ಹಳದಿ, ಕೆಂಪು ಬಣ್ಣಗಳಲ್ಲಿ ಬಹುಕಾಲ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಸೀಸವು ದೇಹವನ್ನು ಸೇರಿದರೆ ಹೊಟ್ಟೆನೋವು, ರಕ್ತಹೀನತೆ ಉಂಟಾಗುವುದಲ್ಲದೆ, ನರಗಳು ದುರ್ಬಲವಾಗಿ ಮಣಿಕಟ್ಟು ಜೋತುಬೀಳಬಹುದು. ಕುಂಚವೇ ಜೀವನಾಧಾರವಾದವನಿಗೆ ಇದಕ್ಕಿಂತ ಕ್ರೂರವಾದ ವ್ಯಾಧಿ ಯಾವುದು? 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸೀಸದ ಬಿಳುಪಿನ ಬಳಕೆಯನ್ನು ಕುರಿತು ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಆದರೆ ಅದು ನಿಷೇಧಿಸಿದ್ದು ಮುಖ್ಯವಾಗಿ ಕಟ್ಟಡಗಳ ಒಳಗೋಡೆಗಳ ಲೇಪನದಲ್ಲಿ. ಹೊರಗೋಡೆಯ ಕೆಲಸಕ್ಕೆ ನಿಷೇಧವಿರದೆ ನಿಯಂತ್ರಣ ಮಾತ್ರವಿದ್ದಿತು. ಭಾರತದಲ್ಲಿ ಗೃಹೋಪಯೋಗಿ ಮತ್ತು ಅಲಂಕಾರಿಕ ಬಣ್ಣಗಳಲ್ಲಿನ ಸೀಸವನ್ನು ದಶಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸುವ ನಿಯಮಗಳು ಬಂದುದು 2016ರಲ್ಲಿ. ಅಷ್ಟು ಹೊತ್ತಿಗೆ ನಾವು ಹೇಳುತ್ತಿರುವ ಕಸುಬು ಅವಸಾನವನ್ನು ಸಮೀಪಿಸಿತ್ತು.

ಈ ಅವಸಾನಕ್ಕೆ ಮುಖ್ಯ ಕಾರಣ ಯಂತ್ರ. ಪ್ಲಾಸ್ಟಿಕ್ ಹಾಳೆಯ ಮೇಲೆ ಗಣಕಯಂತ್ರದ ನೆರವಿನಿಂದ ಮುದ್ರಿಸುವ ಫ್ಲೆಕ್ಸ್ ಫಲಕಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ಎಲ್ಲೆಡೆ ಹರಡಿದವು. ಹಲವು ದಿನಗಳ ಕೆಲಸ ಕೆಲವು ಗಂಟೆಗಳದಾಯಿತು. 2009ರ ಸುಮಾರಿಗೆ ಬೆಂಗಳೂರಿನ ನಗರಪಾಲಿಕೆಯು ಭಿತ್ತಿಪತ್ರಗಳ ಹಾವಳಿಯನ್ನು ತಡೆಯಲು ಸಾರ್ವಜನಿಕ ಗೋಡೆಗಳ ಮೇಲೆ ನಾಡಿನ ದೃಶ್ಯಗಳನ್ನು ಬರೆಸಿದಾಗ, ಹಳೆಯ ಸಿನಿಮಾ ಫಲಕಗಳ ಕಲಾವಿದರಿಗೆ ಸ್ವಲ್ಪಕಾಲ ಕೆಲಸ ದೊರೆಯಿತು. 2018ರಲ್ಲಿ ಉಚ್ಚ ನ್ಯಾಯಾಲಯದ ಕಟ್ಟುನಿಟ್ಟಿನ ಸೂಚನೆಯ ಮೇರೆಗೆ ಅದೇ ನಗರದಲ್ಲಿ ಫ್ಲೆಕ್ಸ್ ಫಲಕಗಳನ್ನು ತೆಗೆದುಹಾಕಲಾಯಿತು. ಆದರೆ ತೆರವಾದ ಸ್ಥಳಕ್ಕೆ ಕುಂಚ ಹಿಂದಿರುಗಲಿಲ್ಲ.

ಹಳೆಯ ಕಸುಬುಗಳೆಲ್ಲ ಉಳಿಯಬೇಕೆಂದು ನಾವು ವಾದಿಸುವುದಿಲ್ಲ. ಅಪಾಯಕರವಾದ ಹಲಗೆಯಿಂದ ಮನುಷ್ಯನು ಕೆಳಗಿಳಿದುದು ಒಳ್ಳೆಯದೇ. ಆದರೆ ಇಳಿದವನ ಗತಿ ಏನಾಯಿತೆಂದು ವಿಚಾರಿಸುವುದು ಇತಿಹಾಸಕಾರನ ಕರ್ತವ್ಯ. ಈ ಕಸುಬಿನ ಆಧಾರಸಾಮಗ್ರಿ ಬಹುಬೇಗ ನಶಿಸತಕ್ಕದ್ದು. ಫಲಕದ ಬಟ್ಟೆಯ ಮೇಲೆ ಮತ್ತೊಂದು ಚಿತ್ರ ಬರೆದರೆ, ಗೋಡೆಗೆ ಸುಣ್ಣ ಬಳಿದರೆ, ಹಿಂದಿನದು ಅಳಿಯಿತು. ಶಿಲಾಶಾಸನ ಎಂಟು ಶತಮಾನ ಕಾದೀತು, ಗೋಡೆಬರಹ ಕಾಯಲಾರದು. ಆದುದರಿಂದ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಮಾಸಿ ಉಳಿದಿರುವ ಬರಹಗಳ ಅಳತೆಯನ್ನೂ ಛಾಯಾಚಿತ್ರವನ್ನೂ ತೆಗೆದಿಡಲಿ. ಅವುಗಳನ್ನು ಬರೆದ ವೃದ್ಧರು ಬದುಕಿದ್ದರೆ ಅವರ ಮಾತನ್ನು ಬರೆದುಕೊಳ್ಳಲಿ. ಮೊದಲು ಕೇಳಬೇಕಾದ ಪ್ರಶ್ನೆ ಅವರ ಹೆಸರು. ದಾಸೋಜನಿಗೆ ದೊರೆತ ಅಷ್ಟು ಮನ್ನಣೆ ಇವರಿಗೂ ಸಲ್ಲಬೇಕಾದುದು ನ್ಯಾಯ.