ಅಂಕಪಟ್ಟಿ ಮತ್ತು ಆಟದಂಗಳ

ಆಟಗಾರನಿಗೆ ಪಾಠದಲ್ಲಿ ಎಷ್ಟು ಅಂಕ ಬೇಕು? ಅಧ್ಯಾಪಕನಾದ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ಅಮೆರಿಕದ ಕಾಲೇಜು ಕ್ರೀಡಾಸಂಸ್ಥೆ ಎನ್‌ಸಿಎಎ 1983ರಲ್ಲಿ ಒಂದು ಉತ್ತರ ಕೊಟ್ಟಿತು: ಮೊದಲ ವರ್ಷವೇ ಆಡಬೇಕಾದರೆ ಹೈಸ್ಕೂಲಿನ 11 ಮುಖ್ಯ ಪಾಠಗಳಲ್ಲಿ 4ಕ್ಕೆ 2ರ ಸರಾಸರಿ, ಜೊತೆಗೆ ಎಸ್‌ಎಟಿ ಪರೀಕ್ಷೆಯಲ್ಲಿ 700 ಅಥವಾ ಎಸಿಟಿಯಲ್ಲಿ 15 ಅಂಕ. 1986ರಿಂದ ಜಾರಿಯಾದ ಈ ನಿಯಮದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ. 1989ರಲ್ಲಿ ಇಂಥವರ ವಿದ್ಯಾರ್ಥಿವೇತನವನ್ನೂ ಕಸಿಯುವ ಠರಾವು ಬಂದಾಗ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ಥಾಂಪ್ಸನ್ ಪಂದ್ಯ ಆರಂಭವಾಗುವಾಗಲೇ ಅಂಗಳದಿಂದ ಹೊರನಡೆದರು. ಮರುವರ್ಷ ಠರಾವು ಸಡಿಲಗೊಂಡಿತು. 2023ರಲ್ಲಿ ಪ್ರವೇಶಪರೀಕ್ಷೆಯ ಷರತ್ತೇ ರದ್ದಾಯಿತು. ತರಗತಿಯ ಅಂಕಗಳ ಷರತ್ತು ಉಳಿಯಿತು. ಅದೇ ನ್ಯಾಯವೆಂದು ನನ್ನ ಭಾವನೆ. ಒಂದು ಬೆಳಗಿನ ಪರೀಕ್ಷೆಗಿಂತ, ನಾಲ್ಕು ವರ್ಷ ಕಲಿಸಿದವರು ಕೊಟ್ಟ ಅಂಕಕ್ಕೆ ತೂಕ ಹೆಚ್ಚಲ್ಲವೇ, ಶಿಷ್ಯರೇ?