‘ಇಂಪಾರ್ಚ್ಯುನಿಟಿ’: ಒಂದು ಶಬ್ದದ ಅರ್ಥಚರಿತ್ರೆ

ಇಂಗ್ಲಿಷಿನ ‘ಇಂಪಾರ್ಚ್ಯುನಿಟಿ’ ಎಂಬ ಶಬ್ದಕ್ಕೆ ಎದುರಿನವರು ಬೇಸರಗೊಳ್ಳುವವರೆಗೂ ಬಿಡದೆ ಬೇಡುವುದು ಎಂದರ್ಥ. ಇದರ ಮೂಲ ಲ್ಯಾಟಿನ್ನಿನ ‘ಇಂಪೋರ್ತೂನುಸ್’. ‘ಪೋರ್ತುಸ್’ ಎಂದರೆ ಬಂದರು. ಅದಕ್ಕೆ ನಿಷೇಧಾರ್ಥಕ ಉಪಸರ್ಗ ಸೇರಿ ಮೊದಲು ಅನನುಕೂಲವಾದುದು, ಮುಂದೆ ಹೊತ್ತಲ್ಲದ ಹೊತ್ತಿನದು, ಪೀಡಿಸುವಂಥದು ಎಂಬ ಅರ್ಥಗಳು ಬೆಳೆದವು. ‘ಆಪರ್ಚ್ಯುನಿಟಿ’ ಇದರ ಸೋದರಶಬ್ದ.

ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಒಬ್ಬನು ನಡುರಾತ್ರಿ ಗೆಳೆಯನ ಬಾಗಿಲಿಗೆ ಬಂದು ಮೂರು ರೊಟ್ಟಿ ಕೇಳುತ್ತಾನೆ. ಅಲ್ಲಿನ ಗ್ರೀಕ್ ಪದ ‘ಅನೈದೆಯ’, ಅಂದರೆ ನಾಚಿಕೆಗೇಡಿತನ. ಅದು ಯಾರದೆಂಬಲ್ಲಿ ವಿದ್ವಾಂಸರಿಗೆ ಭಿನ್ನಮತವುಂಟು. ಬೇಡುವವನದೆಂದೇ ನಮಗೆ ತೋರುತ್ತದೆ. 1611ರ ಇಂಗ್ಲಿಷ್ ಬೈಬಲ್ಲು ಅದನ್ನು ‘ಇಂಪಾರ್ಚ್ಯುನಿಟಿ’ ಎಂದಿತು. ನಾಚಿಕೆಯ ಮಾತು ಮರೆಯಾಯಿತು, ಕಾಟದ ಮಾತು ಉಳಿಯಿತು. ಬೇಡುವವನ ಮೇಲಿನ ತೀರ್ಪೇ ಮೃದುವಾಯಿತು.

ಕನ್ನಡದ ‘ಕಾಡಿ ಬೇಡು’ ಕಾಟವನ್ನೂ ಬೇಡಿಕೆಯನ್ನೂ ಬಿಚ್ಚಿಯೇ ಹೇಳುತ್ತದೆ. ‘ದುಂಬಾಲು ಬೀಳು’ ಎಂಬುದರಲ್ಲಿರುವುದು ಬಾಲ, ಹಿಂಬದಿ ಎಂಬರ್ಥದ ಪಾರಸಿ ಶಬ್ದ. ಬೆನ್ನು ಬಿಡದವನ ಚಿತ್ರ ಅಲ್ಲಿ ಇನ್ನೂ ಮಾಸಿಲ್ಲ. ಅನುವಾದದಲ್ಲಿ ಇವುಗಳನ್ನು ಬಿಟ್ಟು ಬರಿಯ ‘ಯಾಚನೆ’ ಎಂದರೆ ಕೇಳಿದ್ದು ಮಾತ್ರ ಉಳಿದು, ಕಾಡಿದ್ದು ಬಿಟ್ಟುಹೋಗುತ್ತದೆ.