ಬಾಗಿದ ಕಾಲುಗಳು ಮತ್ತು ಕಾಣದ ಬೆಳಕು

ಕಾಲುಗಳು ಬಿಲ್ಲಿನಂತೆ ಬಾಗಿ, ಮಣಿಕಟ್ಟು ದಪ್ಪವಾಗಿರುವ ಮಗುವಿನ ಚಿತ್ರವನ್ನು ನೀವು ಪಠ್ಯಪುಸ್ತಕದಲ್ಲಿ ನೋಡಿರಬಹುದು. ಇದು ರಿಕೆಟ್ಸ್ ರೋಗ. ಬೆಳೆಯುವ ಮೂಳೆಗೆ ಕ್ಯಾಲ್ಸಿಯಮ್ ಮತ್ತು ಫಾಸ್ಫೇಟ್ ಸರಿಯಾಗಿ ಸೇರದಿದ್ದರೆ ಅದು ಮೆತ್ತಗೇ ಉಳಿದು ಮೈಭಾರಕ್ಕೆ ಬಾಗುತ್ತದೆ. ಮೂಳೆಯ ರೋಗಕ್ಕೂ ಭೌತವಿಜ್ಞಾನಕ್ಕೂ ಏನು ಸಂಬಂಧ ಎನ್ನುವಿರಾ? ಸಂಬಂಧವಿದೆ.

ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಗ್ಲಿಸನ್ 1650ರಲ್ಲೇ ಈ ರೋಗವನ್ನು ವಿವರವಾಗಿ ವರ್ಣಿಸಿದ್ದ. ಕಾರಣ ಮಾತ್ರ ಸಿಕ್ಕಿರಲಿಲ್ಲ. ನಗರದ ಮಕ್ಕಳಲ್ಲಿ ಹೆಚ್ಚಾಗಿಯೂ ಹಳ್ಳಿಯ ಮಕ್ಕಳಲ್ಲಿ ವಿರಳವಾಗಿಯೂ ಇದು ಕಾಣುವುದನ್ನು ಗಮನಿಸಿದ ಪೋಲೆಂಡಿನ ಸ್ನಿಯಾಡೆಟ್ಸ್ಕಿ, ಬಿಸಿಲೇ ಮದ್ದು ಎಂದು 1822ರಲ್ಲಿ ಬರೆದ. ಯಾರೂ ಕಿವಿಗೊಡಲಿಲ್ಲ. ಜಪಾನಿನಲ್ಲಿ ವೈದ್ಯನಾಗಿದ್ದ ಥಿಯೊಬಾಲ್ಡ್ ಪಾಮ್ ಇಂಗ್ಲೆಂಡಿಗೆ ಮರಳಿದಾಗ, ಅಲ್ಲಿ ಕಾಣದಿದ್ದ ರೋಗ ಇಲ್ಲಿ ಎಲ್ಲೆಲ್ಲೂ ಇತ್ತು. ಬೇರೆ ಬೇರೆ ದೇಶಗಳ ಪರಿಚಿತರಿಂದ ಮಾಹಿತಿ ತರಿಸಿ, 1890ರಲ್ಲಿ ಅವನೂ ಬಿಸಿಲಿನ ಕೊರತೆಯತ್ತಲೇ ಬೆರಳು ತೋರಿಸಿದ. ಬಿಸಿಲಿನ ಶಾಖವನ್ನಲ್ಲ, ಅದರ ರಾಸಾಯನಿಕ ಶಕ್ತಿಯನ್ನು ಅಳೆಯಬೇಕು ಎಂದೂ ಸೂಚಿಸಿದ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯಲ್ಲೇ ಅತ್ಯಂತ ಚುರುಕಾದ ಮಾತು ಇದು. ಇದೂ ಮೂಲೆಗೆ ಬಿತ್ತು.

ಮೊದಲನೆಯ ಮಹಾಯುದ್ಧ ಮುಗಿದ ಚಳಿಗಾಲ. ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ರಿಕೆಟ್ಸ್ ಇದ್ದ ಮಕ್ಕಳನ್ನು ಪಾದರಸದ ಆವಿಯ ಕ್ವಾರ್ಟ್ಸ್ ದೀಪದ ಮುಂದೆ ಕೂರಿಸಿದ. ಆ ದೀಪ ಅತಿನೇರಳೆ ಕಿರಣಗಳನ್ನು ಸೂಸುತ್ತದೆ. ಮೂಳೆಗಳಿಗೆ ಮತ್ತೆ ಕ್ಯಾಲ್ಸಿಯಮ್ ಸೇರುತ್ತಿರುವುದು ಎಕ್ಸ್-ಕಿರಣ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಂಡಿತು. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಒಂದು ತೋಳಿಗೆ ಮಾತ್ರ ಬೆಳಕು ಬಿಟ್ಟರೂ ಇನ್ನೊಂದು ತೋಳಿನ ಮೂಳೆಯೂ ಗುಣವಾಯಿತು! ಹಾಗಾದರೆ ಕಿರಣಗಳು ನೇರವಾಗಿ ಮೂಳೆಯ ಮೇಲೆ ಕೆಲಸ ಮಾಡುತ್ತಿಲ್ಲ. ಚರ್ಮದಲ್ಲಿ ಏನೋ ತಯಾರಾಗಿ ರಕ್ತದಲ್ಲಿ ಹರಿಯುತ್ತಿದೆ.

ಅದೇ 1919ರಲ್ಲಿ ಎಡ್ವರ್ಡ್ ಮೆಲನ್‌ಬಿ, ನಾಯಿಮರಿಗಳ ರಿಕೆಟ್ಸ್ ಅನ್ನು ಕಾಡ್ ಮೀನಿನ ಎಣ್ಣೆಯಿಂದ ತಡೆಯಬಹುದೆಂದು ತೋರಿಸಿದ್ದ. ಬೆಳಕೋ ಆಹಾರವೋ? ಎರಡೂ ಸರಿ. ಎಣ್ಣೆಯಲ್ಲಿದ್ದದ್ದು ಡಿ ಜೀವಸತ್ವ. ಚರ್ಮದಲ್ಲಿರುವ ಕೊಲೆಸ್ಟೆರಾಲ್ ಜಾತಿಯ ಒಂದು ವಸ್ತು ಬೆಳಕನ್ನು ಹೀರಿದಾಗ ಹುಟ್ಟುವುದೂ ಅದೇ.

ಆದರೆ ಎಲ್ಲ ಬೆಳಕೂ ಸಾಲದು. ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗದೂರದ ಕಿರಣಗಳೇ ಬೇಕು. ಉತ್ತರದ ದೇಶಗಳ ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಇವುಗಳನ್ನು ಓಜೋನ್ ಪದರ ಬಹುಮಟ್ಟಿಗೆ ಹೀರಿಬಿಡುತ್ತದೆ. ಸಾಧಾರಣ ಗಾಜೂ ಇವುಗಳನ್ನು ಬಿಡದು; ಆ ದೀಪಕ್ಕೆ ಕ್ವಾರ್ಟ್ಸ್ ಬೇಕಾದದ್ದು ಅದಕ್ಕೇ. ಮುಚ್ಚಿದ ಕಿಟಕಿಯ ಹಿಂದೆ ಬೆಚ್ಚಗೆ, ಬೆಳಕಿನಲ್ಲೇ ಕುಳಿತ ಮಗುವಿಗೂ ಈ ಕಿರಣಗಳು ತಲಪುವುದಿಲ್ಲ.